ವಿಂಡ್‌ಶೀಲ್ಡ್ ಬಿಡಿಸುವಿಕೆ: ತಂತಿ ಮತ್ತು ದಾರದ ವಿಧಾನ

ಕಾರಿನ ಮುಂದಿನ ಗಾಜನ್ನು ಚೌಕಟ್ಟಿಗೆ ಹಿಡಿದಿರುವ ಅಂಟನ್ನು ಸಪೂರವಾದ ಉಕ್ಕಿನ ತಂತಿಯಿಂದ ಅಥವಾ ಗಟ್ಟಿ ನಾರಿನ ದಾರದಿಂದ ಕೊಯ್ದು ಗಾಜನ್ನು ಹೊರತೆಗೆಯುವ ಕ್ರಮ. ಬಿರುಕು ಬಿಟ್ಟ ಗಾಜನ್ನು ಬದಲಿಸುವಾಗ, ಚೌಕಟ್ಟಿನ ತುಕ್ಕು ತೆಗೆಯುವಾಗ, ಅಪಘಾತದಲ್ಲಿ ನಜ್ಜುಗುಜ್ಜಾದ ಬಾಡಿಯನ್ನು ಸರಿಪಡಿಸುವಾಗ ಇದರ ಬಳಕೆಯಿದೆ. ಗಾಜು ಚೆನ್ನಾಗಿದ್ದು ಅದನ್ನೇ ಮತ್ತೆ ಕೂರಿಸಬೇಕಾದಾಗ ಚಾಕುವಿಗಿಂತ ತಂತಿಯನ್ನೇ ಹೆಚ್ಚು ನೆಚ್ಚುತ್ತಾರೆ.

ಹಿನ್ನೆಲೆ

ಫ್ರಾನ್ಸಿನ ಎಡುವಾರ್ ಬೆನೆಡಿಕ್ಟಸ್ 1909ರಲ್ಲಿ ಪದರಗಾಜಿಗೆ ಪೇಟೆಂಟ್ ಪಡೆದ. ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆಯಿದ್ದರೆ ಗಾಜು ಒಡೆದರೂ ಚೂರುಗಳು ಸಿಡಿಯುವುದಿಲ್ಲ. ಇಂದಿನ ಲ್ಯಾಮಿನೇಟೆಡ್ ವಿಂಡ್‌ಶೀಲ್ಡಿನಲ್ಲಿ ಸುಮಾರು 2 ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ ಸಾಮಾನ್ಯವಾಗಿ 0.76 ಮಿ.ಮೀ.ನ ಪಾಲಿವಿನೈಲ್ ಬ್ಯುಟಿರಾಲ್ ಪೊರೆ ಇರುತ್ತದೆ. ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಕಾರಿನ ಮುಂಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು.

ಮೊದಲು ಗಾಜನ್ನು ಅಂಟಿಸುತ್ತಿರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಗಾಜಿನ ಸುತ್ತ ರಬ್ಬರ್ ಬೀಡಿಂಗ್ ಇರುತ್ತಿತ್ತು. ಹಲವು ಬಸ್ಸು, ಲಾರಿಗಳಲ್ಲಿ ಈಗಲೂ ಅದೇ ಇದೆ. ಅಮೆರಿಕದ ಕಾರುಗಳಲ್ಲಿ 1960ರ ದಶಕದಿಂದ ಅಂಟಿನ ಜೋಡಣೆ ಹರಡಿತು. ಮುಂದೆ ಪಾಲಿಯುರೆಥೇನ್ ಅಂಟು ಎಲ್ಲ ಕಡೆ ನೆಲೆಯೂರಿತು. ಅಂಟಿಸಿದ ಗಾಜು ಬಾಡಿಯ ಒಂದು ಭಾಗವೇ ಆಗಿಬಿಡುತ್ತದೆ. ಕಾರು ಮಗುಚಿದಾಗ ಛಾವಣಿ ಕುಸಿಯದಂತೆ ತಡೆಯುವಲ್ಲಿ ಅದಕ್ಕೂ ಪಾಲಿದೆ. ಎಷ್ಟೋ ಕಾರುಗಳಲ್ಲಿ ಮುಂದೆ ಕೂತ ಪ್ರಯಾಣಿಕರ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೆ ಒರಗಿಯೇ ತನ್ನ ಆಕಾರ ಪಡೆಯುತ್ತದೆ. ಅಂಟು ಇಷ್ಟು ಬಿಗಿಯಾಗಿರುವುದರಿಂದಲೇ ಅದನ್ನು ಬಿಡಿಸುವುದು ಪ್ರತ್ಯೇಕ ಕುಶಲಕೆಲಸವಾಗಿ ಬೆಳೆಯಿತು.

ಬೀಡಿಂಗ್ ಗಾಜು ಮತ್ತು ದಾರ

ಬೀಡಿಂಗ್ ಇರುವ ಗಾಜಿನಲ್ಲಿ ದಾರದ ಕೆಲಸ ಕೊಯ್ಯುವುದಲ್ಲ, ಕೂರಿಸುವುದು. ಗಾಜನ್ನು ತೆಗೆಯಲು ಒಳಗಿನಿಂದ ರಬ್ಬರಿನ ಅಂಚನ್ನು ಚೌಕಟ್ಟಿನ ತಗಡಿನಿಂದ ಎಬ್ಬಿಸಿ ಹೊರಕ್ಕೆ ದೂಡುತ್ತಾರೆ. ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ ಅಂಚನ್ನು ಚಾಕುವಿನಿಂದ ಸೀಳುತ್ತಾರೆ. ಮರಳಿ ಕೂರಿಸುವಾಗ ಬೀಡಿಂಗನ್ನು ಮೊದಲು ಗಾಜಿಗೆ ತೊಡಿಸಿ, ತಗಡು ಕೂರಬೇಕಾದ ಸೀಳಿನೊಳಗೆ ಸುತ್ತಲೂ ದಾರ ಇಟ್ಟು, ಅದರ ಎರಡು ತುದಿಗಳನ್ನು ಕೆಳಗಡೆ ನಡುವಿನಲ್ಲಿ ಒಂದರ ಮೇಲೊಂದು ಹಾಯಿಸಿ ಒಳಕ್ಕೆ ಬಿಡುತ್ತಾರೆ. ಸೋಪುನೀರು ಸವರಿ ಒಬ್ಬರು ಹೊರಗಿನಿಂದ ಗಾಜನ್ನು ಅಂಗೈಯಿಂದ ಒತ್ತಿ ಹಿಡಿದರೆ, ಇನ್ನೊಬ್ಬರು ಒಳಗೆ ಕೂತು ದಾರ ಎಳೆಯುತ್ತಾರೆ. ದಾರ ಹೊರಬರುತ್ತಾ ಹೋದಂತೆ ರಬ್ಬರಿನ ಅಂಚು ತಗಡನ್ನು ದಾಟಿ ಮಗುಚಿಕೊಂಡು ಕೂರುತ್ತದೆ.

ತಂತಿ ಮತ್ತು ನಾರಿನ ದಾರ

ಅಂಟಿಸಿದ ಗಾಜಿಗೆ ಮೊದಲಿನಿಂದ ಬಳಕೆಯಲ್ಲಿರುವುದು ಪಿಯಾನೋ ತಂತಿ. ಇದು ಒಂದು ಮಿಲಿಮೀಟರಿಗಿಂತ ತೆಳುವಾದ ಗಟ್ಟಿ ಉಕ್ಕಿನ ಎಳೆ. ಹೆಣೆದ ತಂತಿ, ಚೌಕ ಅಡ್ಡಕೊಯ್ತದ ತಂತಿಗಳೂ ಉಂಟು. ಹೆಣೆದದ್ದರ ಮೈ ಒರಟಾಗಿದ್ದು ಗರಗಸದಂತೆ ಉಜ್ಜಿ ಕೊಯ್ಯುತ್ತದೆ. ಚೌಕ ತಂತಿಯ ಏಣುಗಳು ಅಂಟನ್ನು ಬೇಗ ಸೀಳುತ್ತವೆ. ಆದರೆ ಕೈತಪ್ಪಿದರೆ ಎರಡೂ ಬಣ್ಣವನ್ನು ಕೆರೆದು ತಗಡನ್ನು ಬಯಲು ಮಾಡುತ್ತವೆ.

ಈಚಿನ ವರ್ಷಗಳಲ್ಲಿ ಪಾಲಿಎಥಿಲೀನಿನ ಗಟ್ಟಿ ನಾರಿನಿಂದ ಹೆಣೆದ ದಾರ ಹೆಚ್ಚು ಬಳಕೆಗೆ ಬಂದಿದೆ. ಬೆಂದ ಮೊಟ್ಟೆಯನ್ನು ನೂಲಿನಿಂದ ಎರಡು ಹೋಳು ಮಾಡಿದ ಹಾಗೆ ಇದು ಮೆತ್ತನೆಯ ಅಂಟಿನೊಳಗೆ ಇಳಿಯುತ್ತದೆ, ಬಣ್ಣಕ್ಕೂ ಡ್ಯಾಶ್‌ಬೋರ್ಡಿಗೂ ಅಷ್ಟಾಗಿ ಗಾಯ ಮಾಡುವುದಿಲ್ಲ. ಇದಕ್ಕೆ ಎರಡು ಮಿತಿಗಳಿವೆ. ಗಾಜಿನ ಒಡೆದ ಅಂಚಿಗೋ ಲೋಹದ ಕ್ಲಿಪ್ಪಿಗೋ ಸಿಕ್ಕಿದರೆ ದಾರ ಕಡಿದುಹೋಗುತ್ತದೆ. ಜೊತೆಗೆ ಈ ನಾರು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, ಬಿರುಸಾಗಿ ಎಳೆದರೆ ಉಜ್ಜಾಟದ ಬಿಸಿಗೇ ತುಂಡಾಗಬಹುದು. ಹೀಗಾಗಿ ಅಂಟಿನ ಮೇಲೆ ಸೋಪುನೀರು ಚಿಮುಕಿಸುತ್ತಾ ನಿಧಾನವಾಗಿ ಎಳೆಯುವುದು ವಾಡಿಕೆ.

ಕೊಯ್ಯುವ ಕ್ರಮ

ಮೊದಲು ವೈಪರ್ ಕೈಗಳು, ಅವುಗಳ ಕೆಳಗಿನ ಪ್ಲಾಸ್ಟಿಕ್ ಹೊದಿಕೆ, ಒಳಗನ್ನಡಿ, ಪಕ್ಕದ ಕಂಬಗಳ ಒಳಹೊದಿಕೆ ಇವನ್ನೆಲ್ಲ ಬಿಚ್ಚುತ್ತಾರೆ. ಮಳೆ ಸೆನ್ಸರ್, ಕ್ಯಾಮೆರಾ, ಗಾಜಿನಲ್ಲಿ ಹುದುಗಿದ ಆಂಟೆನಾ ಇದ್ದರೆ ಅವುಗಳ ವೈರು ಕಳಚುತ್ತಾರೆ. ಸುತ್ತಲಿನ ಬಣ್ಣಕ್ಕೆ ಟೇಪು ಹಚ್ಚಿ, ಡ್ಯಾಶ್‌ಬೋರ್ಡಿನ ಮೇಲೆ ಪ್ಲಾಸ್ಟಿಕ್ ಪಟ್ಟಿ ಹಾಸುತ್ತಾರೆ.

ಬಳಿಕ ಒಂದು ಮೂಲೆಯ ಬಳಿ ಉದ್ದನೆಯ ದಬ್ಬಳದಂಥ ಸಲಾಕೆಯಿಂದ ಅಂಟನ್ನು ಚುಚ್ಚಿ, ಆ ತೂತಿನಲ್ಲಿ ತಂತಿಯನ್ನು ದಾಟಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ತಂತಿಯ ಎರಡು ತುದಿಗೂ ಹಿಡಿ ಕಟ್ಟಿ, ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಅತ್ತಿತ್ತ ಎಳೆದು ಗರಗಸ ಆಡಿಸುತ್ತಾರೆ. ಇಬ್ಬರ ಎಳೆತದ ಕೋನ ಹೊಂದದಿದ್ದರೆ ತಂತಿ ತಗಡಿನತ್ತ ವಾಲುತ್ತದೆ. ಒಂದೇ ಕಡೆ ಹೆಚ್ಚು ಹೊತ್ತು ಉಜ್ಜಿದರೆ ಕಾದು ತುಂಡಾಗುತ್ತದೆ.

ಒಬ್ಬರೇ ಮಾಡುವ ಪದ್ಧತಿಯಲ್ಲಿ ತಂತಿ ಅಥವಾ ದಾರವನ್ನು ಗಾಜಿನ ಅಂಚಿನಡಿ ಹೊರಗಿನಿಂದ ಸುತ್ತಲೂ ಹುದುಗಿಸಿ, ತುದಿಗಳನ್ನು ಒಳಕ್ಕೆ ತರುತ್ತಾರೆ. ಒಳಗಡೆ ಗಾಜಿಗೆ ಸಕ್ಷನ್ ಕಪ್‌ನಿಂದ ಅಂಟಿಸಿದ ಸಣ್ಣ ರಾಟೆಗೆ ತುದಿಯನ್ನು ಸಿಕ್ಕಿಸಿ, ರಾಚೆಟ್ ಹಿಡಿಯಿಂದಲೋ ಡ್ರಿಲ್ ಯಂತ್ರದಿಂದಲೋ ಸುತ್ತುತ್ತಾರೆ. ತಂತಿ ಬಿಗಿಯಾಗಿ ಒಳಮುಖವಾಗಿ ಸರಿಯುತ್ತಾ ಅಂಟನ್ನು ಸೀಳುತ್ತದೆ. ಒಂದು ಬದಿ ಮುಗಿದೊಡನೆ ರಾಟೆಯನ್ನು ಕಿತ್ತು ಮುಂದಿನ ಮೂಲೆಯ ಹತ್ತಿರ ಕೂರಿಸುತ್ತಾರೆ. ತಂತಿ ಸದಾ ಗಾಜಿಗೆ ಒರಗಿಯೇ ಓಡಬೇಕು, ತಗಡಿಗಲ್ಲ. ಗಾಜಿನ ಸ್ಥಾನ ತೋರಿಸುವ ಗೂಟಗಳಿರುವ ಕಾರಿನಲ್ಲಿ ತಂತಿ ಅಲ್ಲಿ ಸಿಕ್ಕಿಕೊಳ್ಳುವುದರಿಂದ ಅವುಗಳ ಜಾಗವನ್ನು ಮೊದಲೇ ಗುರುತಿಸಿಕೊಳ್ಳಬೇಕು. ಸುತ್ತು ಪೂರ್ತಿಯಾದ ಮೇಲೆ ಹಿಡಿಯಿರುವ ಸಕ್ಷನ್ ಕಪ್‌ಗಳಿಂದ ಇಬ್ಬರು ಗಾಜನ್ನು ಎತ್ತುತ್ತಾರೆ. ಗಾಜು ಚದರ ಮೀಟರಿಗೆ 10 ಕಿಲೋಗಿಂತ ಹೆಚ್ಚು ತೂಗುತ್ತದೆ.

ತಂತಿ ತುಂಡಾದರೆ ಚಾವಟಿಯಂತೆ ಸಿಡಿಯುವುದರಿಂದ ಕನ್ನಡಕ, ಗಟ್ಟಿ ಕೈಗವಸು ಕಡ್ಡಾಯ. ಬಿಗಿದ ತಂತಿಯ ನೇರಕ್ಕೆ ಮುಖ ಇಡಬಾರದು.

ಇತರ ಸಾಧನಗಳೊಡನೆ ಹೋಲಿಕೆ

ಹೊರಗಿನಿಂದ ಎಳೆಯುವ ಎಲ್ ಆಕಾರದ ಕೈಚಾಕು ಅಗ್ಗ, ಚುರುಕು. ಆದರೆ ಅಲಗು ಹೋಗಲು ಗಾಜಿನ ಅಂಚಿನಲ್ಲಿ ಸಂದು ಬೇಕು. ಅಂಚು ಬಾಡಿಯೊಳಗೆ ಹುದುಗಿರುವ ಮಾದರಿಗಳಲ್ಲಿ ಅದು ಸಾಗದು. ಅದುರುವ ಅಲಗಿನ ವಿದ್ಯುತ್ ಯಂತ್ರ ದಪ್ಪ ಅಂಟನ್ನೂ ಬೇಗ ಕೊಯ್ಯುತ್ತದೆಯಾದರೂ ಅಲಗು ಗಾಜಿನ ಅಂಚಿಗೆ ತಾಗಿದರೆ ಬಿರುಕು ಖಚಿತ. ತಂತಿಗೆ ಅಂಟಿನ ದಪ್ಪದಷ್ಟು ಎಡೆ ಸಾಕು. ಗಾಜು ತೀರ ಪುಡಿಯಾಗಿದ್ದರೆ ಮಾತ್ರ ಸಕ್ಷನ್ ಕಪ್ ಹಿಡಿಯುವುದಿಲ್ಲ. ಅಂಥಲ್ಲಿ ಚಾಕುವೇ ಗತಿ.

ಮರುಜೋಡಣೆಯ ದೃಷ್ಟಿ

ಚೌಕಟ್ಟಿನ ಮೇಲೆ ಹಳೆಯ ಅಂಟನ್ನು ಪೂರ್ತಿ ಕೆರೆಯುವುದಿಲ್ಲ. 1ರಿಂದ 2 ಮಿ.ಮೀ. ದಪ್ಪದ ಪದರ ಉಳಿಸಿ ಅದರ ಮೇಲೆಯೇ ಹೊಸ ಅಂಟು ಹಾಕುತ್ತಾರೆ. ಗಟ್ಟಿಯಾಗಿ ಕಚ್ಚಿಕೊಂಡಿರುವ ಹಳೆಯ ಯುರೆಥೇನ್ ಹೊಸದಕ್ಕೆ ಒಳ್ಳೆಯ ತಳಹದಿ. ತಂತಿಯ ಗೀರು ತಗಡಿನವರೆಗೆ ಹೋಗಿದ್ದರೆ ಅಲ್ಲಿ ಪ್ರೈಮರ್ ಹಚ್ಚಲೇಬೇಕು. ಬಿಟ್ಟರೆ ಗಾಜಿನ ಮರೆಯಲ್ಲಿ ತುಕ್ಕು ಹಬ್ಬಿ, ನೀರು ಸೋರಿ, ಕೊನೆಗೆ ಅಂಟಿನ ಹಿಡಿತವೇ ಸಡಿಲವಾಗುತ್ತದೆ. ಅಂಟು ಗಾಳಿಯ ತೇವ ಹೀರಿ ಗಟ್ಟಿಯಾಗುವುದರಿಂದ ಹವೆಯ ಉಷ್ಣತೆ ಮತ್ತು ತೇವಕ್ಕೆ ತಕ್ಕಂತೆ ತಯಾರಕರು ಹೇಳಿದ ಅವಧಿ ಕಳೆಯುವವರೆಗೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಗಾಜಿನ ಹಿಂದೆ ಚಾಲನಾ ಸಹಾಯದ ಕ್ಯಾಮೆರಾ ಇದ್ದರೆ ಅದರ ನೋಟದ ಕೋನವನ್ನು ಮತ್ತೆ ಹೊಂದಿಸಿದ ಮೇಲೆಯೇ ಕೆಲಸ ಮುಗಿಯಿತೆಂದು ಲೆಕ್ಕ.