ಮೂಳೆಗಳು ಹೇಳಿದ ಸತ್ಯ

ಮಾತು ಬಾರದ ಹಸುಗೂಸು ತನ್ನನ್ನು ಹೊಡೆದವರು ಯಾರೆಂದು ಹೇಳಲಾರದು. ‘ಮಂಚದಿಂದ ಬಿತ್ತು’ ಎಂದು ಹೆತ್ತವರು ಹೇಳಿದರೆ ವೈದ್ಯರೂ ನಂಬಿಬಿಡುತ್ತಿದ್ದರು. ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರೋಜ್ ತಾರ್ದಿಯೂ 1860ರಲ್ಲಿಯೇ ಹಿಂಸೆಗೆ ಒಳಗಾದ 32 ಮಕ್ಕಳ ಗಾಯಗಳನ್ನು ವಿವರಿಸಿದ್ದರು. ಅವರಲ್ಲಿ 18 ಮಕ್ಕಳು ಸತ್ತಿದ್ದರು. ಆದರೆ ವೈದ್ಯಲೋಕ ಅದಕ್ಕೆ ಕಿವಿಗೊಡಲಿಲ್ಲ.

ಮುಂದೆ ದಾರಿ ತೋರಿದ್ದು ಎಕ್ಸ್-ರೇ. ನ್ಯೂಯಾರ್ಕಿನ ಕ್ಷ-ಕಿರಣ ತಜ್ಞ ಜಾನ್ ಕ್ಯಾಫಿ 1946ರಲ್ಲಿ ಆರು ಶಿಶುಗಳ ವಿವರ ಪ್ರಕಟಿಸಿದರು. ತಲೆಬುರುಡೆಯೊಳಗೆ ರಕ್ತಸ್ರಾವ, ಜೊತೆಗೆ ಕೈಕಾಲುಗಳ ಮೂಳೆ ಹಲವೆಡೆ ಮುರಿದಿತ್ತು. ಕೆಲವು ಮುರಿತ ಹೊಸವು, ಕೆಲವು ಕೂಡಿಕೊಳ್ಳುತ್ತಿದ್ದ ಹಳೆಯವು. ಒಮ್ಮೆ ಬಿದ್ದರೆ ಹೀಗಾಗದು. ಆದರೂ ಕ್ಯಾಫಿ ಹೆತ್ತವರತ್ತ ನೇರವಾಗಿ ಬೊಟ್ಟು ಮಾಡಲಿಲ್ಲ.

ಆ ಮಾತನ್ನು ಬಾಯಿಬಿಟ್ಟು ಹೇಳಿದವರು ಡೆನ್ವರಿನ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು. 1962ರ ಲೇಖನದಲ್ಲಿ ಅವರು ಇದಕ್ಕೆ ‘ಬ್ಯಾಟರ್ಡ್ ಚೈಲ್ಡ್ ಸಿಂಡ್ರೋಮ್’ ಎಂದು ಹೆಸರಿಟ್ಟರು. 71 ಆಸ್ಪತ್ರೆಗಳಿಂದ ಒಂದೇ ವರ್ಷದಲ್ಲಿ ದೊರೆತ ಪ್ರಕರಣಗಳು 302. ಸತ್ತ ಮಕ್ಕಳು 33, ಮಿದುಳಿಗೆ ಶಾಶ್ವತ ಹಾನಿಯಾದವರು 85. ಹೆತ್ತವರೇ ಹೀಗೆ ಮಾಡಿಯಾರೆಂದು ನಂಬಲು ವೈದ್ಯರು ಹಿಂಜರಿಯುತ್ತಾರೆಂದೂ ಅವರು ಬರೆದರು. ಅನುಮಾನ ಬಂದರೆ ವೈದ್ಯರು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾನೂನು ಆ ದಶಕದಲ್ಲಿಯೇ ಅಮೆರಿಕದ ರಾಜ್ಯಗಳಲ್ಲಿ ಜಾರಿಗೆ ಬಂತು. ಮಗುವಿನ ಪರವಾಗಿ ಮಾತನಾಡುವ ಹೊಣೆ ಕೊನೆಗೂ ವೈದ್ಯರ ಹೆಗಲೇರಿತು.