ವಿದೇಶಿ ಕಾನೂನು ವಿದ್ಯಾರ್ಥಿಗಳು ನಮ್ಮ ತಾಲೂಕಿಗೆ ಬಂದ್ರೆ: ರೂಮ್ ಕೊಡೋರು, ಅಂಗಡಿಯವರು, ಊರಿನವರು ತಿಳಿದಿರಬೇಕಾದ್ದು

ಕೊಳ್ಳೇಗಾಲ: ಬೆಂಗಳೂರು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಂಥ ವಿದ್ಯಾಸಂಸ್ಥೆಗಳಿಗೆ ವಿನಿಮಯ ಕಾರ್ಯಕ್ರಮದಡಿ ವಿದೇಶಿ ವಿದ್ಯಾರ್ಥಿಗಳು ಬರುತ್ತಾರೆ. ಅಲ್ಲಿನ ಕಾಲೇಜಿನವರು ಇಲ್ಲಿಗೆ, ಇಲ್ಲಿನವರು ಅಲ್ಲಿಗೆ ಒಂದು ಟರ್ಮ್ ಅಥವಾ ಸೆಮಿಸ್ಟರ್ ಓದೋದೇ ವಿನಿಮಯ. ತರಗತಿ ಬೆಂಗಳೂರಲ್ಲಾದ್ರೂ, ಅರಣ್ಯ ಹಕ್ಕು, ನಿರಾಶ್ರಿತರ ಕಾನೂನು, ಹಳೇ ಜಮೀನು ದಾಖಲೆ ಅಂತ ವಿಷಯ ತಗೊಂಡವರಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಒಳ್ಳೇ ಪಾಠಶಾಲೆ. ಬರೋರಿಗೂ, ಅವರಿಗೆ ಮನೆ, ಊಟ, ಗಾಡಿ ಕೊಡೋರಿಗೂ ಕೆಲವು ನಿಯಮಗಳಿವೆ. ಗೊತ್ತಿಲ್ಲದೆ ತಪ್ಪಿದರೆ ಸಮಸ್ಯೆ ಬರೋದು ವಿದ್ಯಾರ್ಥಿಗೆ ಮಾತ್ರ ಅಲ್ಲ, ರೂಮ್ ಕೊಟ್ಟವರಿಗೂ.

ಇಲ್ಲಿಗೆ ಯಾಕೆ ಬರ್ತಾರೆ?

ಮೂರು ತಾಲೂಕಿಗೂ ಬೇರೆ ಬೇರೆ ಕಾನೂನು ಚರಿತ್ರೆ ಇದೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಭಾಗವೂ ಆಗ ಅದರೊಳಗೇ ಇತ್ತು. ಯಳಂದೂರು ಮೈಸೂರು ಅರಸರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಕೊಟ್ಟ ಜಹಗೀರು. ಹಾಗಾಗಿ ಒಂದೇ ಜಿಲ್ಲೆಯಲ್ಲಿ ಮದ್ರಾಸ್ ಕಾಲದ ಕಾಗದವೂ ಮೈಸೂರು ಕಾಲದ ಕಾಗದವೂ ನೋಡಲು ಸಿಗುತ್ತವೆ.

ಎರಡನೆಯದು ಸೋಲಿಗರ ಹಕ್ಕು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು, ಆಮೇಲೆ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅರ್ಜಿ ಗ್ರಾಮಸಭೆಯಲ್ಲಿ ಶುರುವಾಗಿ, ಉಪವಿಭಾಗ ಸಮಿತಿ ದಾಟಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಇದನ್ನ ಕಣ್ಣಾರೆ ನೋಡೋಕೆ ಕಾನೂನು ಓದೋರು ಬೆಟ್ಟಕ್ಕೆ ಬರ್ತಾರೆ.

ಮೂರನೆಯದು ಹನೂರು ತಾಲೂಕಿನ ಒಡೆಯರಪಾಳ್ಯದ ಟಿಬೆಟನ್ ಶಿಬಿರ, ಅಂದರೆ 1974ರಲ್ಲಿ ಶುರುವಾದ ಧೋಂಡೆನ್‌ಲಿಂಗ್.

ರೂಮ್ ಕೊಟ್ಟರೆ 24 ಗಂಟೆಯೊಳಗೆ ಮಾಹಿತಿ

ಇದು ಎಲ್ಲಕ್ಕಿಂತ ಮುಖ್ಯ. ವಿದೇಶಿ ಪ್ರಜೆ ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ರೂಢಿಯಲ್ಲಿ ಇದನ್ನ 'ಸಿ ಫಾರಂ' ಅಂತಾರೆ. ಲಾಡ್ಜ್‌ನವರಿಗೆ ಮಾತ್ರ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಅದು ತಪ್ಪು. ಹೋಮ್‌ಸ್ಟೇ, ಛತ್ರ, ಹಾಸ್ಟೆಲ್, ಬಾಡಿಗೆ ಮನೆ, ದುಡ್ಡು ತಗೊಳ್ಳದೆ ಪ್ರೀತಿಗೆ ಮಹಡಿ ಮೇಲಿನ ಕೋಣೆ ಬಿಟ್ಟುಕೊಟ್ಟ ಮನೆ, ಎಲ್ಲದಕ್ಕೂ ಅನ್ವಯ. ಒಂದು ರಾತ್ರಿ ತಂಗಿದರೂ ಸರಿ.

ಹಳೇ ವಿದೇಶಿಯರ ಕಾಯ್ದೆಗಳ ಬದಲು ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಮಾಹಿತಿ ಕೊಡುವ ಹೊಣೆ ಅದರಲ್ಲೂ ಮನೆ ಮಾಲೀಕರದ್ದೇ.

ಮಾಡೋದು ಹೀಗೆ: ಕೇಂದ್ರ ಗೃಹ ಇಲಾಖೆಯ ವಿದೇಶಿಯರ ನೋಂದಣಿ ಪೋರ್ಟಲ್‌ನಲ್ಲಿ ಮಾಲೀಕರು ಮೊದಲು ತಮ್ಮ ಹೆಸರು, ವಿಳಾಸ ಕೊಟ್ಟು ಖಾತೆ ತೆರೆಯಬೇಕು. ಖಾತೆಗೆ ಒಪ್ಪಿಗೆ ಸಿಗಬೇಕಾದ್ದರಿಂದ ಅತಿಥಿ ಬರುವ ಮೊದಲೇ ಮಾಡಿಟ್ಟುಕೊಳ್ಳೋದು ಒಳ್ಳೇದು. ಬಂದ ಮೇಲೆ ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಫೋಟೊ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಹೋಗ್ತಾರೆ ಅನ್ನೋದನ್ನ ತುಂಬಬೇಕು. ಪಾಸ್‌ಪೋರ್ಟ್‌ನ ಜೆರಾಕ್ಸ್ ಇಟ್ಕೊಳ್ಳಿ, ಪಾಸ್‌ಪೋರ್ಟೇ ಇಟ್ಕೋಬೇಡಿ. ಗೊತ್ತಾಗದಿದ್ದರೆ ಹತ್ತಿರದ ಠಾಣೆಯಲ್ಲಿ ಅಥವಾ ಚಾಮರಾಜನಗರದ ಎಸ್ಪಿ ಕಚೇರಿಯಲ್ಲಿ ಕೇಳಬಹುದು.

ವಿದ್ಯಾರ್ಥಿ ಕಡೆಯ ನಿಯಮ ಬೇರೆ. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಇದ್ದವರು ದೇಶಕ್ಕೆ ಬಂದ 14 ದಿನದೊಳಗೆ ತಾವೇ ನೋಂದಣಿ ಮಾಡಿಸಬೇಕು. ಅವರು ಬೆಂಗಳೂರಲ್ಲಿ ನೋಂದಣಿ ಮಾಡಿಸಿದ್ದಾರೆ ಅಂದ ಮಾತ್ರಕ್ಕೆ ಕೊಳ್ಳೇಗಾಲದ ಮನೆಯವರ ಸಿ ಫಾರಂ ತಪ್ಪಲ್ಲ.

ಒಡೆಯರಪಾಳ್ಯಕ್ಕೆ ಹೋಗಬೇಕಾದ್ರೆ

ನಮ್ಮೂರಿನವರು ಯಾವಾಗ ಬೇಕಾದ್ರೂ ಬಸ್ ಹತ್ತಿ ಹೋಗಿ ಜೋಗ್‌ಚೆನ್ ಮಠ ನೋಡಿ ಬರ್ತಾರೆ. ವಿದೇಶಿಯರಿಗೆ ಹಾಗಿಲ್ಲ. ಬೈಲಕುಪ್ಪೆ, ಮುಂಡಗೋಡಿನಂತೆ ಇಲ್ಲೂ ಕೇಂದ್ರ ಗೃಹ ಇಲಾಖೆಯ 'ಸಂರಕ್ಷಿತ ಪ್ರದೇಶ ಪರವಾನಗಿ' ಬೇಕು. ಜನ ಇದನ್ನ ಪಿಎಪಿ ಅಂತಾರೆ. ಇವತ್ತು ಕೇಳಿ ನಾಳೆ ಸಿಗೋ ಕಾಗದ ಅಲ್ಲ, ತಿಂಗಳುಗಳ ಮುಂಚೆಯೇ ಅರ್ಜಿ ಹಾಕಿರಬೇಕು. ಕಾಲೇಜಿನ ಪತ್ರ, ವಿದ್ಯಾರ್ಥಿ ವೀಸಾ ಇದ್ರೂ ಪಿಎಪಿ ಬೇರೆಯೇ ಬೇಕು. ಹನೂರು, ಕೊಳ್ಳೇಗಾಲದ ಟ್ಯಾಕ್ಸಿ, ಆಟೊದವರು ಗಾಡಿ ಹತ್ತಿಸೋ ಮುಂಚೆ "ಪಿಎಪಿ ಇದೆಯಾ?" ಅಂತ ಒಂದು ಮಾತು ಕೇಳಿದರೆ ಇಬ್ಬರಿಗೂ ಕ್ಷೇಮ.

ಬೆಟ್ಟ, ಪೋಡು, ಕಾಡು

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗೋ ರಸ್ತೆಯಲ್ಲಿ ಅರಣ್ಯ ಚೆಕ್‌ಪೋಸ್ಟ್ ಇದೆ. ಕತ್ತಲಾದ ಮೇಲೆ ಬಿಡಲ್ಲ, ಬೆಳಕಿದ್ದಾಗಲೇ ಹೋಗಿ ಬರೋ ಲೆಕ್ಕ ಹಾಕಿಕೊಳ್ಳಬೇಕು. ರಸ್ತೆ ಬಿಟ್ಟು ಕಾಡೊಳಗೆ ಹೋಗಲು, ಅಧ್ಯಯನ ಮಾಡಲು, ಡ್ರೋನ್ ಹಾರಿಸಲು ಅರಣ್ಯ ಇಲಾಖೆ ಅನುಮತಿ ಬೇಕು. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳೋದು ನಮ್ಮ ದೇಶದಲ್ಲಿ ಅಪರಾಧ. ಹೊರಗಿನಿಂದ ಬರೋ ಟ್ರೆಕ್ಕಿಂಗ್‌ನವರಿಗೆ ಇದು ಗೊತ್ತಿರಲ್ಲ.

ಪೋಡಿಗೆ ಹೋಗುವವರು ಮೊದಲು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯವರನ್ನ, ಊರ ಹಿರಿಯರನ್ನ ಕಂಡು ಬಂದ ಕಾರಣ ಹೇಳಬೇಕು. ಫೋಟೊ, ರೆಕಾರ್ಡಿಂಗ್‌ಗೆ ಮುಂಚೆ ಕೇಳಬೇಕು. ಬೇಡ ಅಂದ್ರೆ ಬೇಡ. ಕೂಲಿ ಬಿಟ್ಟು ಅರ್ಧ ದಿನ ಕೂತು ಮಾತಾಡಿದವರ ಸಮಯಕ್ಕೆ ಬೆಲೆ ಇದೆ ಅನ್ನೋದನ್ನೂ ಮರೆಯಬಾರದು.

ಮೂಲ ಕಾಗದ ಕೈ ಬಿಡಬೇಡಿ

ಊರಿನವರು ಗಮನಿಸಬೇಕಾದ್ದು ಇದು. ಕಾನೂನು ವಿದ್ಯಾರ್ಥಿ ವಕೀಲರಲ್ಲ. ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗದವರು 1961ರ ವಕೀಲರ ಕಾಯ್ದೆ ಪ್ರಕಾರ ಕೋರ್ಟಿನಲ್ಲಿ ವಾದ ಮಾಡುವಂತಿಲ್ಲ. "ಬೆಂಗಳೂರಿಂದ ಲಾಯರ್ ಬಂದವ್ರೆ, ನಮ್ ಕೇಸ್ ನೋಡ್ತಾರೆ" ಅಂತ ಹಕ್ಕುಪತ್ರ, ಸಾಗುವಳಿ ಚೀಟಿ, ಜಾತಿ ಪ್ರಮಾಣಪತ್ರ ಯಾವುದರ ಮೂಲವನ್ನೂ ಕೊಟ್ಟು ಕಳಿಸಬೇಡಿ. ಬೇಕಿದ್ದರೆ ಎದುರಿಗೇ ಫೋಟೊ ತಗೊಳ್ಳಲಿ. ಅರ್ಥ ಆಗದ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿ.

ನಿಜವಾದ ಕಾನೂನು ನೆರವು ಬೇಕಾದವರಿಗೆ ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯಡಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಮಹಿಳೆಯರು, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100.

ಕೋರ್ಟ್ ಕಲಾಪ ನೋಡಬಹುದಾ?

ನೋಡಬಹುದು. ಕೋರ್ಟ್ ಎಲ್ಲರಿಗೂ ತೆರೆದಿರುತ್ತದೆ. ಹಿಂದೆ ಸುಮ್ಮನೆ ಕೂತು ಕೇಳಬಹುದು, ಮೊಬೈಲ್ ಆಫ್ ಮಾಡಿರಬೇಕು, ರೆಕಾರ್ಡ್ ಮಾಡುವಂತಿಲ್ಲ. ಅತ್ಯಾಚಾರ, ಪೋಕ್ಸೊ ಪ್ರಕರಣಗಳ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಹೊರಗಿನವರಿಗೆ ಪ್ರವೇಶ ಇಲ್ಲ. ಅಂಥ ಪ್ರಕರಣದ ಸಂತ್ರಸ್ತರ ಗುರುತು ಬರೆಯೋದೂ ಅಪರಾಧ.

ಅಂಗಡಿಯವರಿಗೆ

* ಡಾಲರ್, ಯೂರೊ ತಗೊಂಡು ಚಿಲ್ಲರೆ ಕೊಡಬೇಡಿ. ವಿದೇಶಿ ಹಣ ಬದಲಾಯಿಸಲು ರಿಸರ್ವ್ ಬ್ಯಾಂಕ್ ಅನುಮತಿ ಇದ್ದವರಿಗೆ ಮಾತ್ರ ಅವಕಾಶ. ಎಟಿಎಂ ತೋರಿಸಿ.
* ಎಲ್ಲ ವಿದೇಶಿಯರ ಹತ್ರ ಫೋನ್‌ಪೇ ಇರಲ್ಲ. 2023ರಲ್ಲಿ ಬಂದ 'ಯುಪಿಐ ಒನ್ ವರ್ಲ್ಡ್' ವ್ಯಾಲೆಟ್ ಇದ್ದವರು ನಿಮ್ಮ ಕ್ಯೂಆರ್ ಕೋಡನ್ನೇ ಸ್ಕ್ಯಾನ್ ಮಾಡಿ ಕೊಡಬಹುದು.
* ಪಾಪ ಅಂತ ನಿಮ್ಮ ಆಧಾರ್ ಮೇಲೆ ಸಿಮ್ ತೆಗೆದುಕೊಡಬೇಡಿ. ಅವರ ಪಾಸ್‌ಪೋರ್ಟ್, ವೀಸಾ ಮೇಲೆ ಅವರಿಗೇ ಸಿಮ್ ಸಿಗುತ್ತೆ.
* ವಿದ್ಯಾರ್ಥಿ ವೀಸಾದವರನ್ನ ಸಂಬಳಕ್ಕೆ ಇಟ್ಕೊಳ್ಳುವಂತಿಲ್ಲ.
* ಕೊಳ್ಳೇಗಾಲದ ರೇಷ್ಮೆ ಸೀರೆಗೆ ಊರವರಿಗೆ ಹೇಳೋ ರೇಟೇ ಹೇಳಿ, ಬಿಲ್ ಕೊಡಿ. ಜಿಂಕೆ ಕೊಂಬು, ಹುಲಿ ಉಗುರು ಅಂತ ಯಾರಾದರೂ ಮಾರಲು ತಂದರೆ ಕೊಂಡವರಿಗೂ ಮಾರಿದವರಿಗೂ ಕೇಸ್ ಖಚಿತ.

ಬರೋ ವಿದ್ಯಾರ್ಥಿ ಜತೆಗಿಟ್ಟುಕೊಳ್ಳಬೇಕಾದ್ದು: ಪಾಸ್‌ಪೋರ್ಟ್, ವೀಸಾ, ಕಾಲೇಜಿನ ಗುರುತಿನ ಚೀಟಿ, ಭೇಟಿಯ ಉದ್ದೇಶ ಬರೆದ ಕಾಲೇಜಿನ ಪತ್ರ (ಕನ್ನಡದ ಪ್ರತಿ ಇದ್ದರೆ ಕೆಲಸ ಸಲೀಸು), ಒಡೆಯರಪಾಳ್ಯಕ್ಕಾದರೆ ಪಿಎಪಿ, ಕಾಡಿಗಾದರೆ ಅರಣ್ಯ ಇಲಾಖೆ ಅನುಮತಿ. ತುರ್ತು ಸಂದರ್ಭಕ್ಕೆ 112.