ಪಿಸ್ತೂಲಿನ ಮೇಲಿನ ಸುಳ್ಳು ಮುದ್ರೆ: ಪತ್ತೆ ಹಚ್ಚೋದು ಹೇಗೆ, ಅದು ಯಾಕೆ ಮುಖ್ಯ?

ಸಿಂಗರ್ ಅಂದರೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗೋದು ಹೊಲಿಗೆ ಯಂತ್ರ. ಇದೇ ಕಂಪನಿ 1941ರಲ್ಲಿ ಅಮೆರಿಕದ ಸೇನೆಗೆ ಎಂ1911ಎ1 ಪಿಸ್ತೂಲುಗಳನ್ನೂ ಮಾಡಿಕೊಟ್ಟಿತ್ತು. ಮಾಡಿದ್ದು 500 ಮಾತ್ರ. ಕ್ರಮಸಂಖ್ಯೆ ಎಸ್800001ರಿಂದ ಎಸ್800500ರವರೆಗೆ. ಅದೇ ಮಾದರಿಯನ್ನು ಬೇರೆ ಕಾರ್ಖಾನೆಗಳು ಲಕ್ಷಗಟ್ಟಲೆ ತಯಾರಿಸಿದವು. ರಚನೆ ಒಂದೇ, ಮೇಲಿನ ಅಕ್ಷರ ಮಾತ್ರ ಬೇರೆ. ಸಂಗ್ರಾಹಕರ ಮಾರುಕಟ್ಟೆಯಲ್ಲಿ ಆ ಕೆಲವು ಅಕ್ಷರಗಳೇ ಬೆಲೆಯನ್ನು ಎಷ್ಟೋ ಪಟ್ಟು ಏರಿಸುತ್ತವೆ. ನಕಲಿ ಹುಟ್ಟೋದು ಅಲ್ಲೇ.

ನಾನು ಬಂದೂಕುಪ್ರಿಯನಲ್ಲ. ನನಗಿರುವ ಕುತೂಹಲ ಪುರಾವೆಯ ಬಗ್ಗೆ. ಒಂದು ವಸ್ತು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಕಥೆಯನ್ನು ಎಷ್ಟು ನಂಬಬೇಕು, ಹೇಗೆ ಪರೀಕ್ಷಿಸಬೇಕು ಅನ್ನುವುದಕ್ಕೆ ಎರಡನೇ ಮಹಾಯುದ್ಧದ ಪಿಸ್ತೂಲುಗಳು ಒಳ್ಳೆಯ ಪಾಠ.

ಮುದ್ರೆ ಅಂದರೆ ಸರ್ಕಾರಿ ದಾಖಲೆ

ಜರ್ಮನಿಯ ಲೂಗರ್ ಪಿ.08 ತೆಗೆದುಕೊಳ್ಳೋಣ. 1908ರಲ್ಲಿ ಸೇನೆಗೆ ಸೇರಿದ ಪಿಸ್ತೂಲು ಇದು. 1934ರಲ್ಲಿ ಮೌಸರ್ ಕಾರ್ಖಾನೆ ತಯಾರಿಸಿದ ಲೂಗರ್‌ಗಳ ಮೇಲೆ ಕಂಪನಿಯ ಹೆಸರೂ ಇಲ್ಲ, ವರ್ಷವೂ ಇಲ್ಲ. ಹೆಸರಿನ ಜಾಗದಲ್ಲಿ ಎಸ್/42 ಎಂಬ ಸಂಕೇತ, ವರ್ಷದ ಜಾಗದಲ್ಲಿ 'ಕೆ' ಅಕ್ಷರ. 1935ಕ್ಕೆ 'ಜಿ'. ಯಾಕೆಂದರೆ ವರ್ಸೇಲ್ಸ್ ಒಪ್ಪಂದ ಜರ್ಮನಿಯ ಶಸ್ತ್ರ ತಯಾರಿಕೆಗೆ ಮಿತಿ ಹಾಕಿತ್ತು. ಯಾರು, ಯಾವಾಗ, ಎಷ್ಟು ತಯಾರಿಸಿದರು ಅನ್ನುವುದನ್ನು ಹೊರಗಿನವರಿಂದ ಮುಚ್ಚಿಡಬೇಕಿತ್ತು. 1936ರಿಂದ ವರ್ಷವನ್ನು ನೇರವಾಗಿಯೇ ಒತ್ತತೊಡಗಿದರು. ಹಿಟ್ಲರ್ 1935ರಲ್ಲೇ ಬಹಿರಂಗವಾಗಿ ಒಪ್ಪಂದ ಮುರಿದಿದ್ದ. ಅಂದರೆ ಒಂದು ಪುಟ್ಟ ಅಕ್ಷರದ ಹಿಂದೆ ಒಂದು ಸರ್ಕಾರದ ಕಳ್ಳಾಟ ದಾಖಲಾಗಿದೆ.

ಪರೀಕ್ಷೆ 1: ಗುರುತುಗಳು ಪರಸ್ಪರ ಹೊಂದುತ್ತವಾ?

ಒಂದು ಮುದ್ರೆಯನ್ನು ನಕಲು ಮಾಡುವುದು ಸುಲಭ. ಇಡೀ ಪಿಸ್ತೂಲು ಅದೇ ಸುಳ್ಳನ್ನು ಹೇಳುವಂತೆ ಮಾಡುವುದು ಕಷ್ಟ. ಮೌಸರ್‌ನ ಲೂಗರ್‌ಗಳನ್ನು ಪರೀಕ್ಷಿಸಿ ಒಪ್ಪಿಕೊಂಡ ಸೇನಾ ತನಿಖಾ ತಂಡದ ಸಂಖ್ಯೆ, ಹದ್ದಿನ ಚಿಹ್ನೆಯ ಕೆಳಗೆ ಇರುತ್ತದೆ. ಮೂವತ್ತರ ದಶಕದ ನಡುವಿನಿಂದ 63, ಯುದ್ಧ ಶುರುವಾದ ಹೊತ್ತಿಗೆ 655, ಕೊನೆಗೆ 135. ಕಾರ್ಖಾನೆಯ ಸಂಕೇತವೂ ಎಸ್/42ರಿಂದ 42ಕ್ಕೆ, 1941ರಲ್ಲಿ 'ಬಿವೈಎಫ್'ಗೆ ಬದಲಾಯಿತು. ಬಿವೈಎಫ್ 42 ಎಂದಿರುವ ಪಿಸ್ತೂಲಿನ ಮೇಲೆ 63 ಕಂಡರೆ ಪ್ರಶ್ನೆ ಏಳಲೇಬೇಕು.

ಕ್ರಮಸಂಖ್ಯೆಯೂ ಸಾಕ್ಷಿಯೇ. ಅದರ ಕೊನೆಯ ಎರಡು ಅಂಕಿಗಳನ್ನು ಸಣ್ಣಪುಟ್ಟ ಬಿಡಿಭಾಗಗಳ ಮೇಲೂ ಒತ್ತುತ್ತಿದ್ದರು. ಅವು ಹೊಂದದಿದ್ದರೆ ಭಾಗ ಬದಲಾಗಿದೆ ಎಂದರ್ಥ. ಎಲ್ಲವೂ ಹೊಂದಿದರೂ ಅಂಕಿಗಳ ಅಚ್ಚಿನ ಆಕಾರ ಬೇರೆಯಾಗಿದ್ದರೆ ಯಾರೋ 'ಹೊಂದಿಸಿದ್ದಾರೆ'.

ಶಾಸನ ಓದುವವರಿಗೆ ಈ ಕೆಲಸ ಹೊಸದಲ್ಲ. ತಾಮ್ರಪಟ ಹೇಳಿಕೊಳ್ಳುವ ತೇದಿ ಒಂದು ಶತಮಾನದ್ದು, ಲಿಪಿ ಇನ್ನೊಂದು ಶತಮಾನದ್ದಾದರೆ ಅದನ್ನು ಕೂಟಶಾಸನ ಅಂತಾರೆ. ತರ್ಕ ಒಂದೇ.

ಪರೀಕ್ಷೆ 2: ಲೋಹ ಏನು ಹೇಳುತ್ತದೆ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಓರೆಯಾಗಿ ಬೀಳುವ ಬೆಳಕು ಇದ್ದರೆ ಇಷ್ಟನ್ನು ನೋಡಬಹುದು:

- ಅಚ್ಚಿನಿಂದ ಒತ್ತಿದಾಗ ಲೋಹ ಪಕ್ಕಕ್ಕೆ ಸರಿದು ಅಂಚು ಉಬ್ಬುತ್ತದೆ. ಕೊರೆದರೆ ಅಥವಾ ಆಸಿಡ್‌ನಿಂದ ಸವೆಸಿದರೆ ಲೋಹ ಹೊರಟೇ ಹೋಗುತ್ತದೆ, ಉಬ್ಬು ಇರುವುದಿಲ್ಲ.
- ತುಕ್ಕು ತಿಂದ ಹಳೆಯ ಗುಳಿಯನ್ನು ಅಕ್ಷರದ ಗೆರೆ ಕತ್ತರಿಸಿಕೊಂಡು ಹೋಗಿದ್ದರೆ ಮುದ್ರೆ ತುಕ್ಕಿಗಿಂತ ಹೊಸದು.
- ಹಳೆಯ ಗುರುತನ್ನು ಉಜ್ಜಿ ತೆಗೆದ ಜಾಗ ಸ್ವಲ್ಪ ತಗ್ಗಾಗಿರುತ್ತದೆ. ಸಮತಟ್ಟು ಮೈಮೇಲೆ ಬೆಳಕಿನ ಪ್ರತಿಬಿಂಬ ಅಲ್ಲಿ ಬಾಗುತ್ತದೆ.
- ಕೆಲವು ಮುದ್ರೆಗಳನ್ನು ಕಪ್ಪು-ನೀಲಿ ಲೇಪಕ್ಕೆ ಮೊದಲು, ಕೆಲವನ್ನು ನಂತರ ಒತ್ತುತ್ತಿದ್ದರು. ಆಯಾ ಕಾರ್ಖಾನೆಯ, ಆಯಾ ಕಾಲದ ಕ್ರಮ ಗೊತ್ತಿದ್ದರೆ, ತಪ್ಪಿದ ಕ್ರಮ ಕಣ್ಣಿಗೆ ಬೀಳುತ್ತದೆ.

ಉಜ್ಜಿ ತೆಗೆದ ಸಂಖ್ಯೆಯೂ ಪೂರ್ತಿ ಅಳಿಯುವುದಿಲ್ಲ. ಒತ್ತಡದಿಂದ ಕೆಳಗಿನ ಲೋಹದ ಒಳರಚನೆ ಬದಲಾಗಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳು ಆಸಿಡ್ ಹಚ್ಚಿ ಸಂಖ್ಯೆಯನ್ನು ಎಷ್ಟೋ ಸಲ ಮತ್ತೆ ಕಾಣಿಸುವುದು ಇದೇ ಕಾರಣಕ್ಕೆ.

ವಿಚಿತ್ರವಾಗಿದ್ದದ್ದೆಲ್ಲ ನಕಲಿಯಲ್ಲ

ಕೆಲವು ಲೂಗರ್‌ಗಳ ಮೇಲೆ 1917 ಮತ್ತು 1920 ಎಂಬ ಎರಡು ವರ್ಷಗಳಿವೆ. ಮೊದಲ ಸಲ ನೋಡಿದಾಗ ಇದು ಸುಳ್ಳೇ ಅನ್ನಿಸುತ್ತದೆ. ಆದರೆ ಎರಡನೆಯದು ತಯಾರಿಕೆಯ ವರ್ಷವಲ್ಲ. ಮೊದಲ ಮಹಾಯುದ್ಧದ ನಂತರ ಜನರ ಬಳಿ ಉಳಿದಿದ್ದ ಸೇನಾ ಆಯುಧಗಳನ್ನು ವಾಪಸ್ ಪಡೆಯುವಾಗ, ಸರ್ಕಾರ ತನ್ನ ಸ್ವತ್ತನ್ನು ಗುರುತಿಸಲು 1920 ಎಂದು ಒತ್ತಿಸಿತ್ತು. ಹಾಗಾಗಿ ಅನುಮಾನದ ಜೊತೆ ಓದೂ ಇರಬೇಕು. ಬರೀ ಅನುಮಾನವಿದ್ದರೆ ಅಸಲಿಯನ್ನೂ ಎಸೆದುಬಿಡ್ತೀವಿ.

ನಕಲಿಗಾರ ಏನನ್ನು ಸೇರಿಸುತ್ತಾನೆ?

ಸಾಧಾರಣ ಲೂಗರ್‌ಗೆ ಹೆಚ್ಚಾಗಿ ಸೇರಿಸುವುದು ಎಸ್‌ಎಸ್ ಪಡೆಯ ಜೋಡಿ ಮಿಂಚಿನ ಚಿಹ್ನೆ ಅಥವಾ ತಲೆಬುರುಡೆ. ಸೇನೆಗೆ ತಯಾರಾದ ಪಿ.08ಗಳ ಮೇಲೆ ಹಾಗೆ ಒತ್ತುವುದು ಕಾರ್ಖಾನೆಯ ಪದ್ಧತಿಯಾಗಿರಲಿಲ್ಲ. ಆದರೂ ಮಾರುಕಟ್ಟೆಯಲ್ಲಿ ಇವು ಸಿಗುತ್ತಲೇ ಇರುತ್ತವೆ, ಯಾಕೆಂದರೆ ಕೊಳ್ಳುವವರಿಗೆ ಬೇಕಿರುವುದು ಕೊಲೆಗಾರರ ರೋಮಾಂಚಕ ಕಥೆ. ಬೇಡಿಕೆ ಇರುವ ಕಡೆ ನಕಲಿ ಇದ್ದೇ ಇರುತ್ತದೆ. ನನ್ನ ಆಕ್ಷೇಪ ಯಾರೋ ಶ್ರೀಮಂತ ಸಂಗ್ರಾಹಕ ಮೋಸ ಹೋದ ಅನ್ನುವುದರ ಬಗ್ಗೆ ಅಲ್ಲ. ಈ ಕಥೆಯ ಗದ್ದಲದಲ್ಲಿ ಬೇರೆಯವರ ಕಥೆ ಅಳಿಸಿಹೋಗುತ್ತದೆ ಅನ್ನುವುದರ ಬಗ್ಗೆ.

ಪೋಲೆಂಡಿನ ರಾಡೊಮ್ ಕಾರ್ಖಾನೆಯ ವಿಸ್ ಪಿಸ್ತೂಲನ್ನೇ ನೋಡಿ. ಯುದ್ಧಕ್ಕೆ ಮೊದಲು ಅದರ ಮೇಲೆ ಪೋಲೆಂಡಿನ ಹದ್ದು, ತಯಾರಾದ ವರ್ಷ ಇರುತ್ತಿದ್ದವು. 1939ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ದೇಶವನ್ನು ಆಕ್ರಮಿಸಿತು. ಕಾರ್ಖಾನೆ ಆಸ್ಟ್ರಿಯಾದ ಸ್ಟೈಯರ್ ಕಂಪನಿಯ ಕೈಗೆ ಹೋಯಿತು. ಪೋಲಿಷ್ ಹದ್ದು ಮಾಯವಾಯಿತು, ಜರ್ಮನ್ ತನಿಖಾ ತಂಡದ 77 ಬಂತು. ಯೆಹೂದಿ ಬಂಧಿತರನ್ನೂ ಅಲ್ಲಿ ಬಲವಂತವಾಗಿ ದುಡಿಸಿಕೊಂಡರು. ಕಾರ್ಮಿಕರು ಬಿಡಿಭಾಗ ಕದ್ದು ಪ್ರತಿರೋಧ ಪಡೆಗೆ ಮುಟ್ಟಿಸಬಾರದೆಂದು ನಳಿಕೆಗಳನ್ನು ಮಾತ್ರ ಆಸ್ಟ್ರಿಯಾದಲ್ಲೇ ತಯಾರಿಸಿ ಜೋಡಿಸುತ್ತಿದ್ದರು. ಆದರೂ ಕಾರ್ಮಿಕರು ಸಾಗಿಸಿದರು. ಸಿಕ್ಕಿಬಿದ್ದಾಗ, 1942ರ ಅಕ್ಟೋಬರ್‌ನಲ್ಲಿ, ರಾಡೊಮ್‌ನಲ್ಲಿ ಸಾರ್ವಜನಿಕವಾಗಿ ಗಲ್ಲಿಗೇರಿಸಲಾಯಿತು.

ಹದ್ದಿರುವ ವಿಸ್ ಅಪರೂಪ, ಹಾಗಾಗಿ ದುಬಾರಿ. ಯುದ್ಧಕಾಲದ ಪಿಸ್ತೂಲಿನ ಮೇಲೆ ಹದ್ದು ಒತ್ತುವ ಆಸೆ ಹುಟ್ಟುವುದು ಅದಕ್ಕೇ. ಪತ್ತೆಗೆ ಹಿಡಿಕೆಯ ಹಿಂಬದಿ ನೋಡಿ. ಹದ್ದಿನ ಕಾಲದ ಪಿಸ್ತೂಲುಗಳಲ್ಲಿ ಭುಜಕ್ಕೆ ಆನಿಸುವ ಸ್ಟಾಕ್ ಸಿಕ್ಕಿಸಲು ತೋಡು ಇರುತ್ತದೆ. ಜರ್ಮನರು ಮುಂದೆ ಅದನ್ನು ಕೈಬಿಟ್ಟರು. ಹದ್ದಿದ್ದು ತೋಡಿಲ್ಲದಿದ್ದರೆ ಅದು ಸುಳ್ಳು. ಅಲ್ಲಿ 77 ಅನ್ನು ಉಜ್ಜಿ ತೆಗೆದಿದ್ದರೆ, ಆ ಪಿಸ್ತೂಲು ಯಾರ ಹಿಡಿತದಲ್ಲಿ, ಯಾರ ಬೆವರಿನಿಂದ ತಯಾರಾಯಿತು ಅನ್ನುವ ಪುರಾವೆಯೂ ಹೋಯಿತು.

ಕಾಗದ ಇದ್ದರೆ ಸಾಕಾ?

ಸಾಲದು. ಯುದ್ಧ ಮುಗಿಸಿ ಊರಿಗೆ ಮರಳಿದ ಅಮೆರಿಕನ್ ಸೈನಿಕರು ತಂದ ಪಿಸ್ತೂಲುಗಳ ಜೊತೆ ಮೇಲಧಿಕಾರಿ ಸಹಿ ಮಾಡಿದ ಪತ್ರ ಇರುವುದುಂಟು. ಅದರಲ್ಲಿ ಕ್ರಮಸಂಖ್ಯೆ ನಮೂದಾಗಿದ್ದರೆ ಮಾತ್ರ ಅದು ಈ ಪಿಸ್ತೂಲಿನದ್ದೇ ಎನ್ನಬಹುದು. ಇಲ್ಲದಿದ್ದರೆ ಆ ಕಾಗದವನ್ನು ಯಾವುದರ ಜೊತೆಗೂ ಇಡಬಹುದು. ಕಾಗದವನ್ನೂ ನಕಲು ಮಾಡ್ತಾರೆ.

ಹಾಗಾಗಿ ನಾನು ಅನುಸರಿಸುವ ಕ್ರಮ ಇಷ್ಟು. ಮಾರುವವರ ಕಥೆಯನ್ನು ಕೊನೆಗೆ ಕೇಳುವುದು. ಮೊದಲು ವರ್ಷ, ಕಾರ್ಖಾನೆ, ತನಿಖಾ ಸಂಖ್ಯೆ ಮೂರನ್ನೂ ಪಕ್ಕಪಕ್ಕ ಬರೆದುಕೊಳ್ಳುವುದು. ಆಮೇಲೆ ಲೋಹ ನೋಡುವುದು. ಮ್ಯೂಸಿಯಂನ ಗಾಜಿನ ಪೆಟ್ಟಿಗೆ ಮುಂದೆ ನಿಂತಾಗ ದೊಡ್ಡ ಚಿಹ್ನೆಯ ಜೊತೆಗೆ ಪಕ್ಕದ ಸಣ್ಣ ಸಂಖ್ಯೆಯನ್ನೂ ಓದಿ. ನಕಲಿಗಾರ ಸಾಮಾನ್ಯವಾಗಿ ಅದರ ಮೇಲೆ ಅಷ್ಟು ಶ್ರಮ ಹಾಕಿರುವುದಿಲ್ಲ.